ಪೆಟ್ರೋಲಿಗೆ ಬಿಲ್ಲುಂಟು, ನಿದ್ದೆಗಿಲ್ಲ

ದೂರದ ಬೈಕ್ ಸವಾರಿಯ ಬಗ್ಗೆ ನಮ್ಮಲ್ಲಿ ಬರೆಯುವವರೂ ಮಾತಾಡುವವರೂ ಒಂದು ಪಟ್ಟಿಯನ್ನು ಅದರ ಯೋಗ್ಯತೆಗೆ ಮೀರಿ ಹೊಗಳುತ್ತ ಬಂದಿದ್ದಾರೆ. ಯಾವ ಊರಿನ ಯಾವ ಬಂಕಿನಲ್ಲಿ ಎಷ್ಟು ಗಂಟೆಗೆ ನಿಲ್ಲಬೇಕು, ಎಷ್ಟು ಲೀಟರ್ ಹಾಕಿಸಬೇಕು, ಎಷ್ಟು ನಿಮಿಷದಲ್ಲಿ ಹೊರಡಬೇಕು ಎಂದು ಹೊರಡುವ ಮುನ್ನವೇ ಬರೆದಿಟ್ಟ ನಿಲುಗಡೆ ಪಟ್ಟಿ ಅದು. ಇಂಥದ್ದೊಂದು ಕೈಯಲ್ಲಿದ್ದರೆ ಸವಾರ ಪಳಗಿದವನು, ಶಿಸ್ತಿನವನು, ಅಪಾಯವನ್ನು ಅಳೆದು ತೂಗಿದವನು ಎಂದು ಎಲ್ಲರೂ ನಂಬುತ್ತಾರೆ. ಪಟ್ಟಿಯನ್ನು ಸಾಲು ಸಾಲಾಗಿ ಓದಿದರೆ ಆ ನಂಬಿಕೆ ಉಳಿಯುವುದಿಲ್ಲ. ಅದರಲ್ಲಿ ಬೈಕಿನ ಹಸಿವಿಗೆ ಲೆಕ್ಕವಿದೆ. ಸವಾರನ ದಣಿವಿಗೆ ಒಂದು ಅಂಕಣವೂ ಇಲ್ಲ.

ಇಂಥ ಪಟ್ಟಿ ಹಿಡಿದು ಹೊರಡುವ ಹಲವರ ಗುರಿ, ಅಮೆರಿಕದ ದೂರದ ಬೈಕ್ ಸವಾರರ ಸಂಘವಾದ ಐರನ್ ಬಟ್ ಅಸೋಸಿಯೇಷನ್ನಿನ ‘ಸ್ಯಾಡಲ್‌ಸೋರ್ 1000’ ಎಂಬ ಸವಾಲು: 24 ಗಂಟೆಯಲ್ಲಿ 1000 ಮೈಲಿ, ಅಂದರೆ ಸುಮಾರು 1610 ಕಿ.ಮೀ. ಹೋದದ್ದಕ್ಕೆ ಸಾಕ್ಷಿ ಬಂಕಿನ ಬಿಲ್ಲು. ದಿನಾಂಕ, ಸಮಯ, ಊರು ಅಚ್ಚಾಗಿರುವ ಬಿಲ್ಲುಗಳನ್ನು ಓಡೋಮೀಟರಿನ ಅಂಕಿಯೊಂದಿಗೆ ಜೋಡಿಸಿ ಕಳಿಸಿದರೆ, ಪರಿಶೀಲಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಭಾರತದ ಸವಾರರೂ ಇದನ್ನು ಪಡೆದಿದ್ದಾರೆ. ಬೆಂಗಳೂರಿನವರಿಗೆ ಕೈಗೆಟಕುವ ದಾರಿ ರಾಷ್ಟ್ರೀಯ ಹೆದ್ದಾರಿ 48. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಪುಣೆಯ ಹೊಸ್ತಿಲು ಮುಟ್ಟಿ ಹಿಂತಿರುಗಿದರೆ ಲೆಕ್ಕ ಸರಿಹೋಗುತ್ತದೆ.

ಮೊದಲು ಪಟ್ಟಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ರಿಸರ್ವಿಗೆ ಬಿದ್ದ ಮೇಲೆ ಕತ್ತಲಲ್ಲಿ ಬಂಕ್ ಹುಡುಕುವ ಗತಿಯನ್ನು ಅದು ತಪ್ಪಿಸುತ್ತದೆ. ರಾತ್ರಿ ತೆರೆದಿರುವ ಬಂಕ್ ಯಾವುದು, ಬಿಲ್ಲು ಮುದ್ರಿಸಿ ಕೊಡುವ ಬಂಕ್ ಯಾವುದು ಎಂಬುದು ಮೊದಲೇ ಗೊತ್ತಿದ್ದರೆ ಮನಸ್ಸು ಹಗುರಾಗುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಪಟ್ಟಿಯಿಂದ ಆಗುವ ಉಪಕಾರ ಇಷ್ಟಕ್ಕೇ ಮುಗಿಯಿತು.

ಈಗ ಬೆಂಗಳೂರು–ಪುಣೆ ಸವಾರಿಯ ಒಂದು ಮಾದರಿ ಪಟ್ಟಿಯನ್ನು ಬಿಡಿಸಿ ನೋಡೋಣ. ಬೈಕು 13 ಲೀಟರ್ ಟ್ಯಾಂಕಿನದು. ಡಾಮಿನಾರ್ 400, ಕ್ಲಾಸಿಕ್ 350 ಎರಡರದ್ದೂ ಇಷ್ಟೇ. ಹೆದ್ದಾರಿಯಲ್ಲಿ ಲೀಟರಿಗೆ 28 ಕಿ.ಮೀ. ಎಂದಿಟ್ಟುಕೊಂಡರೂ 300 ಕಿ.ಮೀ.ವರೆಗೆ ಹೆದರಿಕೆಯಿಲ್ಲ. ಹಾಗಾಗಿ ನಿಲುಗಡೆಗಳು ತಾವಾಗಿಯೇ ಬೀಳುತ್ತವೆ: ರಾಣೆಬೆನ್ನೂರು, ನಿಪ್ಪಾಣಿ, ಪುಣೆಯ ಹೊರವಲಯದ ತಿರುವು, ಮತ್ತೆ ನಿಪ್ಪಾಣಿ, ಮತ್ತೆ ರಾಣೆಬೆನ್ನೂರು, ಕೊನೆಗೆ ಬೆಂಗಳೂರು. ನಡುವೆ ಐದು ನಿಲುಗಡೆ, ಒಂದೊಂದಕ್ಕೆ ಹತ್ತು ನಿಮಿಷ. ನಗರದ ಟ್ರಾಫಿಕ್ ತಪ್ಪಿಸಲು ಬೆಳಗಿನ ಜಾವ 4ಕ್ಕೆ ಹೊರಡುವುದು ವಾಡಿಕೆ.

ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತದೆ. ಗಡಿಯಾರವನ್ನು ಪಕ್ಕದಲ್ಲಿಟ್ಟು ಓದಿದಾಗ ಬೇರೆಯೇ ಕಥೆ. 2018ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ, ನಡುವೆ ಡಿವೈಡರ್ ಇರುವ ಚತುಷ್ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ಮಿತಿಯೊಳಗೆ ಓಡಿಸುವವನಿಗೆ ಖಂಬಾಟಕಿ ಘಾಟಿಯೂ ಸಿಗುತ್ತದೆ, ವರ್ಷಗಟ್ಟಲೆ ದ್ವಿಪಥವಾಗಿಯೇ ಉಳಿದು ಅಪಘಾತಗಳಿಗೆ ಹೆಸರಾದ ಹುಬ್ಬಳ್ಳಿ–ಧಾರವಾಡ ಬೈಪಾಸೂ ಸಿಗುತ್ತದೆ, ಊರೂರಿನ ಅಡ್ಡರಸ್ತೆಗಳೂ ಸಿಗುತ್ತವೆ. ಗಾಲಿ ಉರುಳುವ ಹೊತ್ತಿನ ಸರಾಸರಿ 70 ಸಿಕ್ಕರೆ ಪುಣ್ಯ. 1610 ಕಿ.ಮೀ.ಗೆ 70ರಂತೆ 23 ಗಂಟೆ. ಉಳಿಯುವುದು ಒಂದು ಗಂಟೆ. ಅದರಲ್ಲಿ ಐವತ್ತು ನಿಮಿಷ ಐದು ಬಂಕುಗಳಿಗೆ ಹೋಯಿತು. ಊಟ, ಶೌಚ, ಬೆನ್ನು ನೆಟ್ಟಗೆ ಮಾಡುವುದು, ಕಣ್ಣು ಮುಚ್ಚುವುದು ಎಲ್ಲಕ್ಕೂ ಸೇರಿ ಹತ್ತು ನಿಮಿಷ.

ಬಂಕಿನ ಆ ಹತ್ತು ನಿಮಿಷವಾದರೂ ಬಿಡುವೇ? ಗ್ಲೌಸ್ ಬಿಚ್ಚಬೇಕು, ಟ್ಯಾಂಕ್ ಬ್ಯಾಗ್ ಸರಿಸಿ ಮುಚ್ಚಳ ತೆರೆಯಬೇಕು, ಮೀಟರ್ ಸೊನ್ನೆಗೆ ಬಂದದ್ದನ್ನು ನೋಡಬೇಕು, ಯುಪಿಐ ಹೋಗುವವರೆಗೆ ಕಾಯಬೇಕು. ಬಿಲ್ಲು ಕೇಳಿದರೆ ಯಂತ್ರದಲ್ಲಿ ಕಾಗದ ಮುಗಿದಿರುತ್ತದೆ. ಹುಡುಗ ಒಳಗೆ ಹೋಗಿ ಹೊಸ ಸುರುಳಿ ತರಬೇಕು. ಬಿಲ್ಲಿನಲ್ಲಿರುವ ಸಮಯ ಸರಿಯಿದೆಯೇ, ಊರಿನ ಹೆಸರು ಬಂದಿದೆಯೇ ಎಂದು ನೋಡಬೇಕು. ಓಡೋಮೀಟರಿನ ಪಕ್ಕ ಬಿಲ್ಲು ಹಿಡಿದು ಫೋಟೋ ತೆಗೆಯಬೇಕು, ಪುಸ್ತಕದಲ್ಲಿ ಬರೆಯಬೇಕು, ವೈಸರಿಗೆ ಅಂಟಿದ ಹುಳು ಒರೆಸಬೇಕು. ಇಷ್ಟೂ ಹೊತ್ತು ಸವಾರ ನಿಂತೇ ಇರುತ್ತಾನೆ, ತಲೆ ಲೆಕ್ಕದಲ್ಲೇ ಇರುತ್ತದೆ. ನಮ್ಮ ಪಟ್ಟಿಗಳು ಇದನ್ನೇ ನಿಲುಗಡೆ ಎಂದು ಬರೆದು ವಿಶ್ರಾಂತಿಯ ಲೆಕ್ಕವನ್ನೂ ಅದರಲ್ಲೇ ಮುಗಿಸುತ್ತವೆ. ಇದು ಕೆಲಸ. ವಿಶ್ರಾಂತಿ ಬೇರೆಯೇ ಇದೆ.

ಇನ್ನು ಕೊನೆಯ ಸಾಲು. ಇಡೀ ಪಟ್ಟಿಯ ಸತ್ಯ ಇರುವುದು ಇಲ್ಲಿ. ರಾಣೆಬೆನ್ನೂರಿನಲ್ಲಿ ಟ್ಯಾಂಕ್ ಫುಲ್, ಅಲ್ಲಿಂದ ಬೆಂಗಳೂರಿಗೆ 300 ಕಿ.ಮೀ. ಒಂದೇ ಓಟ. ಪೆಟ್ರೋಲಿನ ಲೆಕ್ಕದಲ್ಲಿ ಈ ಸಾಲಿಗೆ ಹೆಸರಿಡುವಂತಿಲ್ಲ. ಹೊರಡುವ ಹೊತ್ತು ರಾತ್ರಿ 11.45, ಸೇರುವ ಹೊತ್ತು ಬೆಳಗಿನ ಜಾವ 4. ಸವಾರ ಹಿಂದಿನ ದಿನ 3ಕ್ಕೆ ಎದ್ದವನು. ರಾಣೆಬೆನ್ನೂರು ಬಿಡುವಾಗಲೇ ಎಚ್ಚರವಿದ್ದು 20 ಗಂಟೆ ಮೀರಿದೆ. ನೆಲಮಂಗಲ ದಾಟುವಾಗ 25ರ ಹತ್ತಿರ. ಮನುಷ್ಯನ ಮೈ ನಿದ್ದೆಗೆ ಅತಿ ಹೆಚ್ಚು ಎಳೆಯುವುದು ರಾತ್ರಿ 2ರಿಂದ ಬೆಳಗಿನ 6ರೊಳಗೆ. ಎಡಬದಿಗೆ ದೀಪವಿಲ್ಲದೆ ನಿಂತ ಲಾರಿಗಳಿರುವ ಹಿರಿಯೂರು–ಶಿರಾ–ತುಮಕೂರಿನ ಹಾದಿಯನ್ನು ಪಟ್ಟಿ ಆ ಹೊತ್ತಿಗೇ ತಂದಿಟ್ಟಿದೆ.

1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡಾಸನ್ ಮತ್ತು ರೀಡ್ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05 ಮದ್ಯಾಂಶವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಸುಮಾರು ಶೇ 0.10ಕ್ಕೆ ಸಮನಾಯಿತು. ನಮ್ಮ ಮೋಟಾರು ವಾಹನ ಕಾಯ್ದೆ ಕುಡಿದು ಓಡಿಸಿದ ಅಪರಾಧಕ್ಕೆ ಹಾಕಿರುವ ಗೆರೆ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ, ಅಂದರೆ ಶೇ 0.03. ನಮ್ಮ ಪಟ್ಟಿಯ ಸವಾರ ಹಿಂತಿರುಗುವಾಗ ಬೆಳಗಾವಿ ಮುಟ್ಟುವ ಮೊದಲೇ 17 ಗಂಟೆ ದಾಟಿರುತ್ತಾನೆ. ತುಮಕೂರಿಗೆ ಬರುವಾಗ ಅವನ ಕೈ–ಕಣ್ಣಿನ ಸ್ಥಿತಿ ಕಾನೂನಿನ ಗೆರೆಯ ಮೂರು ಪಟ್ಟು ಕುಡಿದವನದ್ದು. 80ರ ವೇಗದಲ್ಲಿ ಮೂರು ಸೆಕೆಂಡ್ ತೂಕಡಿಸಿದರೆ ಬೈಕು ಸುಮಾರು 67 ಮೀಟರ್ ತಾನಾಗಿ ಹೋಗುತ್ತದೆ. ಕಾರಿನಲ್ಲಾದರೆ ನಾಲ್ಕು ಗಾಲಿ, ಸೀಟ್ ಬೆಲ್ಟ್ ಇವೆ. ಬೈಕನ್ನು ನೆಟ್ಟಗೆ ನಿಲ್ಲಿಸುವುದು ಸವಾರನ ಎಚ್ಚರವೊಂದೇ. ಇಂಥ ಸಾಲನ್ನು ಬರೆದಿಟ್ಟ ಕಾಗದವನ್ನು ಯೋಜನೆ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಇಲ್ಲಿ ಎರಡು ಬಣದವರೊಂದಿಗೆ ನನ್ನ ಜಗಳವಿದೆ. ಮೊದಲನೆಯವರು ಬೈಕುಗಳ ಬಗ್ಗೆ ಬರೆಯುವವರು. ಟ್ಯಾಂಕ್ ದೊಡ್ಡದಾದಷ್ಟೂ ಬೈಕು ದೂರದ ದಾರಿಗೆ ಯೋಗ್ಯ ಎಂಬುದು ಇವರ ಮಾತು. 15 ಲೀಟರಿನ ಹಳೆ ಹಿಮಾಲಯನ್‌ಗಿಂತ 17 ಲೀಟರಿನ ಹೊಸದು ಮೇಲು ಎಂಬಂಥ ತೀರ್ಪುಗಳು ಇವರಿಂದಲೇ ಬಂದವು. ಸ್ಪಿತಿಯಂಥ ಬಂಕ್ ವಿರಳವಾದ ಸೀಮೆಗೆ ಆ ಮಾತು ನಿಜ. ಹೆದ್ದಾರಿ 48ರಲ್ಲಿ ದೊಡ್ಡ ಟ್ಯಾಂಕಿನಿಂದ ಆಗುವುದು ಒಂದೇ: ನಿಲ್ಲದಿರಲು ಒಂದು ನೆಪ ಸಿಗುತ್ತದೆ. ಯುರೋಪಿನ ಲಾರಿ ಚಾಲಕ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಲೇಬೇಕು. ನಮ್ಮ 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೂ ದಿನಕ್ಕೆ ಎಂಟು ಗಂಟೆ ದುಡಿತ, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದಿತ್ತು. ಗಾಜು, ಬಾಗಿಲು, ಮೆತ್ತನೆ ಸೀಟು ಇರುವವನಿಗೆ ಇಷ್ಟು ಬಿಡುವು ಬೇಕೆಂದ ಮೇಲೆ, ಗಾಳಿಗೂ ಬಿಸಿಲಿಗೂ ಮೈಯೊಡ್ಡಿ ಕೂತವನನ್ನು ನಾಲ್ಕು ಗಂಟೆ ಇಳಿಯದಂತೆ ಮಾಡುವ ಟ್ಯಾಂಕನ್ನು ಹೊಗಳುವುದೇಕೆ?

ಎರಡನೆಯ ಬಣದವರು ಈ ಸವಾರಿಯೇ ಹುಚ್ಚು, ಐರನ್ ಬಟ್ ಎಂಬುದೇ ಅವಿವೇಕಿಗಳ ಕೂಟ ಎನ್ನುವವರು. ಇವರು ಆ ಪರಂಪರೆಯನ್ನು ಓದಿಯೇ ಇಲ್ಲ. ಅಸೋಸಿಯೇಷನ್ ವರ್ಷಗಳಿಂದ ಹಂಚುತ್ತಿರುವ ಹಿರಿಯ ಸವಾರರ ಬುದ್ಧಿಮಾತುಗಳಲ್ಲಿ ವೇಗ ಬೇಡವೆನ್ನುವುದು, ನಿಮ್ಮ ಮಿತಿ ತಿಳಿದು ಹೊರಡಿ ಎನ್ನುವುದು, ನಿಲ್ಲಲು ಕಲಿತವನೇ ಬೇಗ ಮುಟ್ಟುತ್ತಾನೆ ಎನ್ನುವುದು ಮುಖ್ಯ ಸೂತ್ರಗಳು. 1984ರಲ್ಲಿ ಶುರುವಾದ ಐರನ್ ಬಟ್ ರ‍್ಯಾಲಿಯಲ್ಲಿ ಹನ್ನೊಂದು ದಿನದಲ್ಲಿ ಸುಮಾರು 11,000 ಮೈಲಿ ಓಡಬೇಕು. ಅಲ್ಲಿ ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡರೂ ಒಟ್ಟು ಇಂಧನ 11.5 ಗ್ಯಾಲನ್, ಅಂದರೆ 43.5 ಲೀಟರ್ ದಾಟಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ವಿಶ್ರಾಂತಿಗೆ ಅಂಕಗಳಿವೆ. ಗೊತ್ತುಮಾಡಿದಷ್ಟು ಗಂಟೆ ಒಂದೇ ಜಾಗದಲ್ಲಿ ನಿಂತದ್ದಕ್ಕೆ ಮೊದಲೊಂದು, ಕೊನೆಗೊಂದು ಬಿಲ್ಲು ತೋರಿಸಬೇಕು.

ನಮ್ಮ ವಿಮರ್ಶಕರು ಗಮನಿಸದೆ ಬಿಟ್ಟದ್ದು ಈ ಒಂದು ನಿಯಮವನ್ನು. ಸವಾರ ಯಾವುದನ್ನು ರುಜುವಾತು ಮಾಡಬೇಕೋ ಅದನ್ನೇ ಯೋಜಿಸುತ್ತಾನೆ ಎಂಬುದು ರ‍್ಯಾಲಿ ನಡೆಸುವವರಿಗೆ ಅರ್ಥವಾಗಿದೆ. ಅದಕ್ಕೇ ಅವರು ನಿದ್ದೆಗೂ ಬಿಲ್ಲು ಕೇಳಿದರು. ಸ್ಯಾಡಲ್‌ಸೋರ್ 1000 ಕೇಳುವುದು ದೂರ ಮತ್ತು ಹೊತ್ತಿನ ಬಿಲ್ಲನ್ನು ಮಾತ್ರ. ಹಾಗಾಗಿ ನಿಲುಗಡೆಯ ಯೋಜನೆ ಬಂಕುಗಳ ಯೋಜನೆಯಾಗಿಬಿಟ್ಟಿತು. ಸಾಕ್ಷಿ ಕೇಳದ ವಿಶ್ರಾಂತಿ ಪಟ್ಟಿಯಿಂದ ಜಾರಿಹೋಯಿತು.

ಅಮೆರಿಕದಲ್ಲಿ ಈ ಕೊರತೆ ಕಾಣಿಸುವುದಿಲ್ಲ, ಅದಕ್ಕೆ ಕಾರಣ ಅಲ್ಲಿಯ ರಸ್ತೆ. ಅನೇಕ ರಾಜ್ಯಗಳ ಅಂತರರಾಜ್ಯ ಹೆದ್ದಾರಿಗಳಲ್ಲಿ ಮಿತಿಯೇ ಗಂಟೆಗೆ 70ರಿಂದ 80 ಮೈಲಿ. ಕಾನೂನು ಮೀರದೆ 65 ಮೈಲಿ ಸರಾಸರಿ ಸಿಕ್ಕಿತೆಂದರೆ 1000 ಮೈಲಿಗೆ ಹದಿನೈದೂವರೆ ಗಂಟೆ ಸಾಕು. ಉಳಿದ ಎಂಟೂವರೆ ಗಂಟೆಯಲ್ಲಿ ಪೆಟ್ರೋಲ್, ಊಟ ಎರಡಕ್ಕೂ ಧಾರಾಳವಾಗಿ ಕೊಟ್ಟರೂ ಆರು ಗಂಟೆ ಮಲಗಬಹುದು. ಅಲ್ಲಿಯ ಬುದ್ಧಿಮಾತಿಗೆ ಅಲ್ಲಿಯ ಗಡಿಯಾರದಲ್ಲಿ ಜಾಗವಿದೆ. ನಾವು ಆ ಸಂಖ್ಯೆಯನ್ನು ತಂದುಕೊಂಡೆವು, ಅದರ ಬೆನ್ನಿಗಿದ್ದ ಎಂಟೂವರೆ ಗಂಟೆಯನ್ನು ತರಲು ಆಗಲಿಲ್ಲ. 36 ಗಂಟೆಯಲ್ಲಿ 1500 ಮೈಲಿಯ ‘ಬನ್ ಬರ್ನರ್’ ಕೂಡ ಇದೇ ಸರಾಸರಿಯನ್ನು ಕೇಳುವುದರಿಂದ ಅದರಿಂದಲೂ ಪರಿಹಾರವಿಲ್ಲ.

ಅನುಭವಿಗಳಿಗೆ ಇದೆಲ್ಲ ಅಭ್ಯಾಸವಾಗಿರುತ್ತದೆ ಎಂಬ ಮಾತು ಕೇಳಿದ್ದೇನೆ. ನಿದ್ದೆಗೆಟ್ಟವರಿಗೆ ತಮ್ಮ ಸ್ಥಿತಿ ಎಷ್ಟು ಕೆಟ್ಟಿದೆಯೆಂಬುದೇ ತಿಳಿಯುವುದಿಲ್ಲ ಎಂದು ನಿದ್ರಾ ಸಂಶೋಧನೆ ಮತ್ತೆ ಮತ್ತೆ ತೋರಿಸಿದೆ. ಡಾಬಾದಲ್ಲಿ ಸ್ಟ್ರಾಂಗ್ ಕಾಫಿ ಕುಡಿದರಾಯಿತು ಎನ್ನುವವರಿಗೆ ಗೊತ್ತಿರಲಿ, ಅದು ಕೆಲಸ ಶುರುಮಾಡಲು ಅರ್ಧ ಗಂಟೆಯ ಹತ್ತಿರ ಬೇಕು. ಅಷ್ಟರಲ್ಲಿ 35 ಕಿ.ಮೀ. ಕಳೆದಿರುತ್ತದೆ. ನಾಸಾ ದೂರದ ವಿಮಾನಗಳ ಪೈಲಟ್‌ಗಳಿಗೆ ಸರದಿಯಂತೆ 40 ನಿಮಿಷ ಮಲಗಲು ಬಿಟ್ಟು ನೋಡಿದಾಗ ಅವರು ಸರಾಸರಿ 26 ನಿಮಿಷ ನಿದ್ದೆ ಮಾಡಿದರು, ಆಮೇಲಿನ ಎಚ್ಚರ ಸ್ಪಷ್ಟವಾಗಿ ಸುಧಾರಿಸಿತು. ಅಂದರೆ ಒಂದು ಸಣ್ಣ ನಿದ್ದೆಗೂ 40 ನಿಮಿಷದ ಒಂದು ಸಾಲು ಬೇಕು. ನಮ್ಮ ಪಟ್ಟಿಯಲ್ಲಿ ಒಟ್ಟು ಉಳಿದದ್ದು ಹತ್ತು ನಿಮಿಷ. ಕಡಿಮೆ ಬಿದ್ದ ಹೊತ್ತನ್ನು ಗಳಿಸಲು ಸವಾರ 100, 110ಕ್ಕೆ ಏರಿಸುತ್ತಾನೆ. ಪಟ್ಟಿಯಲ್ಲಿ ‘ಸರಾಸರಿ 85’ ಎಂದು ಬರೆದಿದ್ದರೆ ಅದರ ಅರ್ಥ ಇದೇ.

ಪಟ್ಟಿಯನ್ನು ತಲೆಕೆಳಗು ಮಾಡಿ ಬರೆಯಬೇಕು. ಮೊದಲ ಸಾಲು ನಿದ್ದೆಯದ್ದು: ರಾತ್ರಿ 11ರಿಂದ ಬೆಳಗಿನ 5ರವರೆಗೆ ಗಾಲಿ ಉರುಳಬಾರದು, ರೂಮು ಮೊದಲೇ ಗೊತ್ತಾಗಿರಬೇಕು. ಎರಡನೆಯದು ಮಧ್ಯಾಹ್ನ 2ರಿಂದ 4ರ ಮಂಪರಿಗೆ 40 ನಿಮಿಷ. ಆಮೇಲೆ ಎರಡು ಗಂಟೆಗೊಮ್ಮೆ ಇಳಿದು, ಹೆಲ್ಮೆಟ್ ತೆಗೆದು, ನೀರು ಕುಡಿದು ಕೂರುವ ನಿಲುಗಡೆಗಳು. ಇಷ್ಟನ್ನೂ ಬರೆದಾದ ಮೇಲೆ ಪೆಟ್ರೋಲ್ ಬರಲಿ. ಆ ನಿಲುಗಡೆಗಳಲ್ಲಿ ಬಂಕಿರುವ ಕಡೆ, ಟ್ಯಾಂಕ್ ಅರ್ಧ ಇರುವಾಗಲೇ ಹಾಕಿಸಿಕೊಳ್ಳಲಿ. ಹೀಗೆ ಬರೆದರೆ 24 ಗಂಟೆಯಲ್ಲಿ ಹೆದ್ದಾರಿ 48ರ ಮೇಲೆ ಬೆಳಗಾವಿಗೆ ಹೋಗಿ ಬರುವ 1000 ಕಿ.ಮೀ. ಒಳ್ಳೆಯ, ಕಷ್ಟದ, ಹೆಮ್ಮೆಪಡುವಂಥ ಸವಾರಿ. ಪುಣೆಯ ತಿರುವಿಗೆ ಎರಡು ದಿನ ಬೇಕು.

ಸರ್ಟಿಫಿಕೇಟ್ ಕೊಡುವವರಲ್ಲಿ ನನ್ನ ಬೇಡಿಕೆ ಒಂದೇ: 80ರ ಮಿತಿಯಿರುವ ದೇಶಗಳ ಅರ್ಜಿಯಲ್ಲಿ ರ‍್ಯಾಲಿಯಂತೆ ವಿಶ್ರಾಂತಿಯ ಎರಡು ಬಿಲ್ಲುಗಳನ್ನು ಕಡ್ಡಾಯ ಮಾಡಿ, ಅದಕ್ಕೆ ತಕ್ಕಂತೆ ದೂರವನ್ನು ಇಳಿಸಿ. ನಮ್ಮ ಕ್ಲಬ್ಬುಗಳು ಅಲ್ಲಿಯವರೆಗೆ ಕಾಯಬೇಕಿಲ್ಲ. ಹೊಸಬರ ಕೈಗೆ ಪಟ್ಟಿ ಕೊಡುವ ಹಿರಿಯರು ಅದರಲ್ಲಿ ನಿದ್ದೆಯ ಅಂಕಣವಿದೆಯೇ ಎಂದು ನೋಡಲಿ; ಇಲ್ಲದಿದ್ದರೆ ಕೊಡದಿರಲಿ.