ಮೂಡಿಗೆರೆಯ ಸೊಸೈಟಿ, ಲಾಲ್‌ಬಾಗಿನ ಸಂಘ

ಮಲೆನಾಡಿನಲ್ಲಿ ‘ತೋಟ’ ಅಂದರೆ ಹೂದೋಟವಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಯಾರಾದರೂ ತೋಟಕ್ಕೆ ಹೋಗಿದ್ದಾರೆ ಅಂದರೆ ಕಾಫಿಗೋ ಅಡಿಕೆಗೋ ಹೋಗಿದ್ದಾರೆ ಎಂದೇ ಅರ್ಥ. ‘ಸೊಸೈಟಿ’ ಅಂದರೆ ಬೆಳೆಸಾಲ, ಗೊಬ್ಬರ, ಪಡಿತರ. ಹೀಗಾಗಿ ಈ ಸೀಮೆಯಲ್ಲಿ ತೋಟಗಾರಿಕೆಯ ಸಂಘವೊಂದರ ಬದುಕು ಹೇಗಿದ್ದೀತು ಎಂದು ಯೋಚಿಸುತ್ತಾ ಹೋದಾಗ ನನಗೆ ಮೊದಲು ನೆನಪಾದದ್ದು ಕಡತವಲ್ಲ, ಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಶುರುವಾಗುವುದೇ ಮೂಡಿಗೆರೆಯ ಜೇನು ಸೊಸೈಟಿಯಿಂದ.

ಅದನ್ನು ಓದುವ ಮುನ್ನ ಬೆಂಗಳೂರಿನ ಕಥೆಯನ್ನು ಪಕ್ಕದಲ್ಲಿ ಇಟ್ಟುಕೊಳ್ಳೋಣ. ಹೈದರ್ ಅಲಿಯ ಲಾಲ್‌ಬಾಗ್ 1836ರಲ್ಲಿ ಒಂದು ಕೃಷಿ-ತೋಟಗಾರಿಕಾ ಸಂಘದ ಕೈಗೆ ಬಂತು. ಅದರ ಮುಂದಾಳು ವಿಲಿಯಂ ಮನ್ರೊ, ಬ್ರಿಟಿಷ್ ಸೇನೆಯ ಅಧಿಕಾರಿ, ಸಸ್ಯಶಾಸ್ತ್ರದ ಹುಚ್ಚಿದ್ದವನು. ಆರೇ ವರ್ಷಕ್ಕೆ, 1842ರಲ್ಲಿ, ಸಂಘ ಮುಚ್ಚಿತು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1908ರಲ್ಲಿ ಬರೋಡಾದಿಂದ ಬಂದ ಜರ್ಮನ್ ತಜ್ಞ ಜಿ.ಎಚ್. ಕ್ರುಂಬಿಗಲ್ 1912ರಲ್ಲಿ ಕಟ್ಟಿದ ಮೈಸೂರು ಉದ್ಯಾನಕಲಾ ಸಂಘ ಮಾತ್ರ ನೂರು ವರ್ಷ ದಾಟಿದೆ. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ಹಿಂದೆ ಇಂದಿಗೂ ಅದಿದೆ. ಊರಿನ ಜನಕ್ಕೆ ಬಾಗಿಲು ತೆರೆದದ್ದೇ ಅದರ ಆಯುಸ್ಸಿನ ಗುಟ್ಟು ಎಂದು ನನ್ನ ಊಹೆ. ಆದರೆ ಪ್ರದರ್ಶನಕ್ಕೆ ಒಂದು ಮಿತಿಯಿದೆ. ಅಲ್ಲಿ ಹೂ ಕಾಣುತ್ತದೆ. ಗೊಬ್ಬರ ಕಲಸಿದ ಕೈ, ಯಾವ ಗಿಡಕ್ಕೆ ಎಷ್ಟು ನೆರಳು ಬೇಕೆಂದು ಬಲ್ಲ ಕಣ್ಣು ಕಾಣುವುದಿಲ್ಲ.

‘ಕರ್ವಾಲೊ’ದ ಸೊಸೈಟಿಯಲ್ಲಿ ಇದು ತಿರುಗುಮುರುಗಾಗಿದೆ. ಜೇನುತುಪ್ಪಕ್ಕೆಂದು ಹೋಗುವ ನಿರೂಪಕ ಭೂಮಿ ಇರುವವನು, ಓದಿದವನು. ಅಲ್ಲಿ ಅವನಿಗೆ ಎದುರಾಗುವ ಮಂದಣ್ಣನ ಬಳಿ ಜಮೀನೂ ಇಲ್ಲ, ಸರ್ಟಿಫಿಕೇಟೂ ಇಲ್ಲ; ಊರಿನ ಕಣ್ಣಿಗೆ ಅವನೊಬ್ಬ ಉಡಾಳ. ಜೇನಿನ ವಿಷಯಕ್ಕೆ ಬಂದರೆ ಮಾತ್ರ ಬಲ್ಲವನು ಮಂದಣ್ಣ, ಕೇಳಿ ತಿಳಿಯಬೇಕಾದವನು ನಿರೂಪಕ. ಮುಂದೆ ವಿಜ್ಞಾನಿ ಕರ್ವಾಲೊ ಇದೇ ಮಂದಣ್ಣನನ್ನು ಹುಟ್ಟು ನಿಸರ್ಗಶಾಸ್ತ್ರಜ್ಞನೆಂದು ಗುರುತಿಸುತ್ತಾರೆ.

ವಿಮರ್ಶೆ ಸಾಮಾನ್ಯವಾಗಿ ಈ ಕಾದಂಬರಿಯನ್ನು ಹಾರುವ ಓತಿಯ ಕಡೆಯಿಂದ ಓದುತ್ತದೆ: ವಿಕಾಸ, ಕಾಲ, ನಿಸರ್ಗದ ನಿಗೂಢ. ತರಗತಿಗಳಲ್ಲೂ ನಾವು ಬೇಗ ಬೇಗ ಕಾಡು ಹತ್ತುತ್ತೇವೆ. ಸೊಸೈಟಿ ಕೇವಲ ಪೀಠಿಕೆಯಾಗಿ ಉಳಿಯುತ್ತದೆ. ನನಗೆ ಅದು ಪೀಠಿಕೆಯಲ್ಲ. ಕಾಡಿನ ದಾರಿಯಲ್ಲಿ ಮುಂದೆ ನಡೆಯುವ ಹಕ್ಕು ಮಂದಣ್ಣನಿಗೆ ಸಿಗುವುದು ಸೊಸೈಟಿಯಲ್ಲಿ ಅವನ ತಿಳಿವಳಿಕೆಗೆ ಬೆಲೆ ಬಂದ ಮೇಲೆಯೇ. ಆ ಬೆಲೆ ಎಷ್ಟು ತೆಳುವಾದದ್ದು ಎಂಬುದನ್ನೂ ತೇಜಸ್ವಿ ಬಿಡುವುದಿಲ್ಲ. ಕಳ್ಳಭಟ್ಟಿಯ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಮಂದಣ್ಣನಿಗೆ ಗೊತ್ತಿರುವ ಯಾವುದೂ ಅವನ ನೆರವಿಗೆ ಬರುವುದಿಲ್ಲ. ಮದುವೆಯಾಗಲು ಅವನಿಗೆ ಬೇಕಿರುವುದೂ ಜ್ಞಾನವಲ್ಲ, ಒಂದು ನೌಕರಿ.

ಹಾಗೆಂದು ಈ ಸೊಸೈಟಿ ಎಲ್ಲರಿಗೂ ತೆರೆದಿದೆಯೇ? ಇಲ್ಲಿ ನನಗೆ ಕಾದಂಬರಿಯ ಮೇಲೆ ತಕರಾರಿದೆ. ಮಲೆನಾಡಿನಲ್ಲಿ ಗಿಡದ ಕೊಡುಕೊಳ್ಳುವಿಕೆ ನಿತ್ಯ ನಡೆಯುವುದು ಅಂಗಳದಲ್ಲಿ. ಡೇರೆಯ ಗೆಡ್ಡೆ, ಸೇವಂತಿಗೆಯ ಹಿಳ್ಳು, ದಾಸವಾಳದ ಗೆಲ್ಲು ನೆಂಟರ ಮನೆಯಿಂದ ಸೆರಗಿನಲ್ಲೋ ಚೀಲದಲ್ಲೋ ಬರುತ್ತವೆ. ಮಳೆ ಹಿಡಿಯುವ ಮುನ್ನ ಡೇರೆ ಗೆಡ್ಡೆಯನ್ನು ಎಲ್ಲಿಡಬೇಕು, ಎಂದು ನೆಡಬೇಕು ಎಂಬುದು ಹೆಂಗಸರ ಬಾಯಲ್ಲೇ ಉಳಿದಿರುವ ವಿದ್ಯೆ. ಅಧ್ಯಕ್ಷರಿಲ್ಲದ, ರಶೀದಿ ಪುಸ್ತಕವಿಲ್ಲದ ಸಂಘ ಅದು. ಮಂದಣ್ಣನ ಅರಿವನ್ನು ಅಷ್ಟು ಪ್ರೀತಿಯಿಂದ ಕಂಡ ಕಾದಂಬರಿಯಲ್ಲಿ ರಾಮಿ ಮಾತ್ರ ಮದುವೆಯ ಹುಡುಗಿಯಾಗಿಯೇ ಉಳಿಯುತ್ತಾಳೆ. ಅವಳಿಗೆ ಏನು ಗೊತ್ತು ಎಂದು ಯಾರೂ ಕೇಳುವುದಿಲ್ಲ.

ಸಂಘದ ಚರಿತ್ರೆ ಬರೆಯುವವರು ಬಲ್ಲವರ ಹೆಸರುಗಳನ್ನು ಗುರುತು ಹಾಕಿಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಕಾದಂಬರಿ ಬಂದ ಹನ್ನೊಂದು ವರ್ಷಕ್ಕೆ, 1991ರ ಹೊತ್ತಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಕರ್ನಾಟಕಕ್ಕೆ ಬಂದು ತುಡುವೆ ಜೇನಿನ ಅಸಂಖ್ಯ ಕುಟುಂಬಗಳನ್ನು ನಾಶ ಮಾಡಿತು. ಪೆಟ್ಟಿಗೆಗಳು ಖಾಲಿಯಾದವು. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ರೊಬಸ್ಟಾ ಕಾಯಿ ಕಟ್ಟಲು ಪರಕೀಯ ಪರಾಗ ಬೇಕು. ಅದನ್ನು ತರುವುದು ಗಾಳಿ ಮತ್ತು ಜೇನು. 1925ರಿಂದ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರವಿದೆ, ಅದರ ಕೆಲಸಕ್ಕೆ ದಾಖಲೆಗಳಿವೆ. ಆದರೆ ಮರದ ಪೊಟರೆಯಿಂದ ಹೊಸ ಕುಟುಂಬ ತಂದು ಪೆಟ್ಟಿಗೆಗೆ ಕೂಡಿಸಬಲ್ಲವರು ಯಾವ ಹಾಡಿಯಲ್ಲಿ, ಯಾವ ಲೈನಿನಲ್ಲಿ ಇದ್ದಾರೆಂದು ಗೊತ್ತಿಲ್ಲದಿದ್ದರೆ ಆ ಪೆಟ್ಟಿಗೆ ತುಂಬುವುದು ಹೇಗೆ?

‘ಕರ್ವಾಲೊ’ವನ್ನು ಮತ್ತೆ ಕೈಗೆತ್ತಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಕಾಡಿಗೆ ಹೊರಡುವ ಅವಸರದಲ್ಲಿ ಸೊಸೈಟಿಯ ಪುಟಗಳನ್ನು ಹಾರಿಸಬೇಡಿ. ಅಲ್ಲಿ ಯಾರು ಯಾರಿಗೆ ಏನು ಕಲಿಸುತ್ತಿದ್ದಾರೆ, ಯಾರು ಒಳಗೆ ಬಂದೇ ಇಲ್ಲ ಎಂದು ಸ್ವಲ್ಪ ನಿಂತು ನೋಡಿ.