ಅಜ್ಜಿಯಾಗುವ ಮೊದಲು ಆಕೆ ಯಾರಾಗಿದ್ದರು?

ಬೆಂಗಳೂರಿನ ದಂಡು ಪ್ರದೇಶದ ಕ್ರೈಸ್ತ ಮನೆಗಳಲ್ಲಿ ವಯಸ್ಸಾದ ಹೆಂಗಸೊಬ್ಬರು ತೀರಿಕೊಂಡರೆ ಅವರನ್ನು ಎರಡು ಬಗೆಯಲ್ಲಿ ನೆನೆಯುತ್ತಾರೆ. ಮೊದಲನೆಯದು ಪ್ರಾರ್ಥನೆ. ಮನೆಯಲ್ಲಿ ಜಪಸರ, ಚರ್ಚಿನಲ್ಲಿ ಬಲಿಪೂಜೆ, ಕಲ್ಪಳ್ಳಿಯಲ್ಲೋ ಹೊಸೂರು ರಸ್ತೆಯಲ್ಲೋ ಮಣ್ಣು. ಆಮೇಲೆ ಏಳನೆಯ ದಿನದ ಪೂಜೆ, ಮೂವತ್ತನೆಯ ದಿನದ ಪೂಜೆ, ವರ್ಷದ ಪೂಜೆ. ಎರಡನೆಯದು ಮಾತು. ಪೂಜೆಯ ಕೊನೆಗೆ ಮಗನೋ ಮೊಮ್ಮಗಳೋ ಮೈಕಿನ ಮುಂದೆ ಆಡುವ ನಾಲ್ಕು ಮಾತು, ಪತ್ರಿಕೆಯ ಶ್ರದ್ಧಾಂಜಲಿ ಅಂಕಣದ ಕೆಲವು ಸಾಲು, ಫೋಟೊ ಹಾಕಿ ಹಂಚುವ ನೆನಪಿನ ಕಾರ್ಡು. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ನಮ್ಮ ಪ್ರಾರ್ಥನೆ ಗಟ್ಟಿಯಾಗಿದೆ, ನಮ್ಮ ಮಾತು ಬಡವಾಗಿದೆ.

ಪ್ರಾರ್ಥನೆಯ ಗಟ್ಟಿತನವನ್ನು ಮೊದಲು ಹೇಳಬೇಕು. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಾಗಲಿ, ಕೆ.ಆರ್. ಪುರದ ಕಡೆಯ ಹೊಸ ಬಡಾವಣೆಗಳ ಚರ್ಚುಗಳಲ್ಲಾಗಲಿ, ಪೂಜೆಗೆ ಮೊದಲು ಅದನ್ನು ಯಾರ ಆತ್ಮಕ್ಕಾಗಿ ಒಪ್ಪಿಸುತ್ತಿದ್ದಾರೆ ಎಂದು ಹೆಸರು ಓದುತ್ತಾರೆ. ಬಂಗಲೆಯಲ್ಲಿ ಬಾಳಿದವರ ಹೆಸರೂ ಓಣಿಯ ಒಂದು ಕೋಣೆಯಲ್ಲಿ ಬಾಳಿದವರ ಹೆಸರೂ ಒಂದೇ ಪಟ್ಟಿಯಲ್ಲಿ, ಒಂದೇ ದನಿಯಲ್ಲಿ ಬರುತ್ತವೆ. ನವೆಂಬರ್ 2ರ ಸಕಲ ಮೃತರ ದಿನ ಕಲ್ಪಳ್ಳಿಗೆ ಬಂದವರು ಸಮಾಧಿಯ ಮೇಲಿನ ಹುಲ್ಲು ಕೀಳುತ್ತಾರೆ, ಸುಣ್ಣ ಬಳಿಯುತ್ತಾರೆ, ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ, ಪಾದ್ರಿಗಳು ತೀರ್ಥ ಚಿಮುಕಿಸುವವರೆಗೆ ಕಾಯುತ್ತಾರೆ. ಫ್ರಾನ್ಸಿನ ಕ್ಲೂನಿ ಮಠದಲ್ಲಿ ಒಡಿಲೊ ಎಂಬ ಮಠಾಧಿಪತಿ ಹತ್ತನೆಯ ಶತಮಾನದ ಕೊನೆಗೆ ಗೊತ್ತುಮಾಡಿದ ದಿನ ಇದು. ಸಾವಿರ ವರ್ಷಗಳಿಂದ ಉಳಿದುಬಂದಿರುವುದಕ್ಕೆ ಕಾರಣವಿದೆ: ಇದರಲ್ಲಿ ದುಃಖಕ್ಕೆ ಕೈಗೆಲಸವಿದೆ, ಮತ್ತೆ ಮತ್ತೆ ಬರುವ ತಿಥಿಯಿದೆ, ಜೊತೆಗೆ ಅಳಲು ಪಕ್ಕದ ಸಮಾಧಿಯವರಿದ್ದಾರೆ.

ಈ ಗಟ್ಟಿತನವನ್ನು ಕಾಯಲೆಂದೇ ಕಥೋಲಿಕ ಸಭೆ ಒಂದು ನಿಯಮ ಇಟ್ಟುಕೊಂಡಿದೆ. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳ 382ನೆಯ ಅಂಶದಂತೆ, ಅಂತ್ಯಕ್ರಿಯೆಯ ಬಲಿಪೂಜೆಯಲ್ಲಿ ಗುರುಗಳು ಸಾಮಾನ್ಯವಾಗಿ ಚಿಕ್ಕ ಪ್ರಬೋಧನೆ ಕೊಡಬೇಕು, ಆದರೆ ಅದು ಗುಣಗಾನದ ಭಾಷಣ ಆಗಕೂಡದು. ಮನೆಯವರ ಮಾತಿಗೆ ಪರಮಪ್ರಸಾದದ ನಂತರ, ಕೊನೆಯ ಬೀಳ್ಕೊಡುಗೆಗೆ ಮೊದಲು ಅವಕಾಶವಿದೆ. ಮೇಲುನೋಟಕ್ಕೆ ಕಟುವಾಗಿ ಕಾಣುವ ಈ ನಿಯಮದಲ್ಲಿ ತುಂಬ ವಿವೇಕವಿದೆ. ತೀರಿಕೊಂಡವರನ್ನು ಆಗಲೇ ಸಂತರನ್ನಾಗಿ ಮಾಡಿಬಿಟ್ಟರೆ ಅವರಿಗಾಗಿ ಪ್ರಾರ್ಥಿಸುವುದು ಯಾತಕ್ಕೆ? ಪ್ರೊಟೆಸ್ಟಂಟರ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕ್ರಮ ಬೇರೆ. ಸತ್ತವರಿಗಾಗಿ ಪೂಜೆ ಒಪ್ಪಿಸುವುದಕ್ಕಿಂತ ಅವರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳುವುದು ಅಲ್ಲಿ ಮುಖ್ಯ. ಹಾಗಾಗಿ ಅಲ್ಲಿ ಮನೆಯವರ ಮಾತಿನ ಹೊಣೆ ಇನ್ನೂ ಹೆಚ್ಚು.

ಆ ಹೊಣೆಯನ್ನು ನಾವು ಹೊರುತ್ತಿರುವ ರೀತಿ ಸಾಲದು. ಅಂಥ ಪೂಜೆಗಳಲ್ಲಿ ಕೂತವರಿಗೆ ಆ ಮಾತು ಬಾಯಿಪಾಠವಾಗಿರುತ್ತದೆ: ಆಕೆ ದೈವಭಕ್ತೆ, ಪ್ರೀತಿಯ ತಾಯಿ, ವಾತ್ಸಲ್ಯದ ಅಜ್ಜಿ, ದಿನವೂ ಜಪಸರ ತಪ್ಪಿಸಿದವರಲ್ಲ, ಕೈರುಚಿಗೆ ಸಾಟಿಯಿಲ್ಲ. ಯಾವುದೂ ಸುಳ್ಳಲ್ಲ. ಆದರೆ ಹೆಸರು ಬದಲಿಸಿದರೆ ಮುಂದಿನ ವಾರದ ಇನ್ನೊಬ್ಬ ಅಜ್ಜಿಗೂ ಇದೇ ಮಾತು ಒಪ್ಪುತ್ತದೆ. ಯಾರಿಗಾದರೂ ಒಪ್ಪುವ ಹೊಗಳಿಕೆ ಆಕೆಯನ್ನು ನೆನೆಯುವುದಿಲ್ಲ, ಮರೆಸುತ್ತದೆ.

ಕೊರತೆ ಎಲ್ಲಿದೆ ಎಂದು ಹುಡುಕುತ್ತಾ ಹೋದರೆ, ಮೈಕಿನ ಮುಂದೆ ಯಾರು ನಿಲ್ಲುತ್ತಾರೆ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ. ಮಾತಾಡುವವರು ಮಕ್ಕಳು, ಅದಕ್ಕಿಂತ ಹೆಚ್ಚಾಗಿ ಮೊಮ್ಮಕ್ಕಳು. ಅವರು ಕಂಡದ್ದು ಆಕೆಯ ಕೊನೆಯ ಇಪ್ಪತ್ತು ಮೂವತ್ತು ವರ್ಷ. ಮೊದಲಿನ ಐವತ್ತು ವರ್ಷ ಕಂಡವರು ಮುಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಕೂತಿರುತ್ತಾರೆ: ಆಕೆಯ ಅಕ್ಕ ಅಥವಾ ತಂಗಿ. ಅವರನ್ನು ಯಾರೂ ಮಾತಿಗೆ ಕರೆಯುವುದಿಲ್ಲ. ವಯಸ್ಸಾಯಿತು, ಅಳುತ್ತಾರೆ, ಇಂಗ್ಲಿಷ್ ಬರುವುದಿಲ್ಲ ಎಂಬ ಕಾರಣಗಳು ಸಿದ್ಧವಾಗಿರುತ್ತವೆ. ಭಾಷೆಯ ತೊಡಕು ಈ ಭಾಗದಲ್ಲಿ ದೊಡ್ಡದು. ತಮಿಳಿನಲ್ಲೋ ಕನ್ನಡದಲ್ಲೋ ಜೀವಮಾನವಿಡೀ ಪ್ರಾರ್ಥಿಸಿದ ಹೆಂಗಸಿನ ಬಗ್ಗೆ ಇಂದಿರಾನಗರದಲ್ಲಿ ಬೆಳೆದ ಮೊಮ್ಮಗ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ಆಕೆಯೊಂದಿಗೆ ಬೆಳೆದವರಿಗೆ ಅದರಲ್ಲಿ ಅರ್ಧ ತಿಳಿಯುವುದಿಲ್ಲ. ಬೆಸಿಲಿಕಾದಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಪೂಜೆ ನಡೆಯುತ್ತದೆ. ಆ ಔದಾರ್ಯ ಮನೆಯವರ ಮಾತಿನಲ್ಲೂ ಇರಬೇಕಿತ್ತು.

ಇದರಿಂದ ಕಳೆದುಹೋಗುವುದು ಚಿಕ್ಕದಲ್ಲ. ಎಂಬತ್ತೈದು ತುಂಬಿ ಈಗ ಕಣ್ಣು ಮುಚ್ಚುತ್ತಿರುವವರು 1940ರ ಆಸುಪಾಸಿನಲ್ಲಿ ಹುಟ್ಟಿದವರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ತಂದು ಹಲಸೂರಿನ ಬಳಿ ನೆಲೆಗೊಳಿಸಿದಾಗ ಶುರುವಾದ ದಂಡು, 1949ರಲ್ಲಿ ಪೇಟೆಯೊಂದಿಗೆ ಸೇರಿ ಒಂದೇ ನಗರಪಾಲಿಕೆಯಾಯಿತು; ಆಗ ಇವರು ಶಾಲೆಗೆ ಹೋಗುವ ಹುಡುಗಿಯರು. ಲ್ಯಾಟಿನ್ ಪೂಜೆಯಲ್ಲಿ ಮೊಣಕಾಲೂರಿ ಬೆಳೆದ ಇವರು ಇಪ್ಪತ್ತೈದರ ಸುಮಾರಿಗೆ, 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಬೆನ್ನಿಗೆ, ಅದೇ ಪೂಜೆಯನ್ನು ತಮ್ಮ ಭಾಷೆಯಲ್ಲಿ ಕೇಳಿದರು. 1882ರಲ್ಲಿ ಪ್ರತಿಷ್ಠೆಯಾದ ತಮ್ಮ ಚರ್ಚು 1973ರಲ್ಲಿ ಬೆಸಿಲಿಕಾ ಎನಿಸಿಕೊಂಡದ್ದನ್ನು ಕಂಡರು. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಸೀರೆಯ ಹರಕೆ ಹೊತ್ತು ತೇರಿನ ಹಿಂದೆ ನಡೆದರು. ಆ ಹರಕೆ ಯಾರ ಕಾಯಿಲೆಗೆ, ಯಾವ ಸಾಲಕ್ಕೆ, ಯಾವ ಭಯಕ್ಕೆ ಎಂದು ಮೊಮ್ಮಕ್ಕಳಿಗೆ ತಿಳಿಯದು. ಜೊತೆಯಲ್ಲಿ ನಡೆದ ತಂಗಿಗೆ ತಿಳಿದಿರುತ್ತದೆ. ಅದನ್ನು ಬಿಟ್ಟು ಬರೀ ದೈವಭಕ್ತೆ ಎಂದರೆ, ನಂಬಿಕೆಯ ಹಣ್ಣನ್ನು ಮಾತ್ರ ಹೇಳಿ, ಬೇರನ್ನು ಮಣ್ಣಿಗೆ ಬಿಟ್ಟಂತೆ.

ಮಾದರಿಗಳಿಲ್ಲ ಎನ್ನುವಂತಿಲ್ಲ. ಆಕೆಯ ಕೈಯಲ್ಲಿ ಸವೆದ ಬೈಬಲ್ಲಿನಲ್ಲೇ ಇವೆ. ಅಪೊಸ್ತಲರ ಕೃತ್ಯಗಳು 9ನೆಯ ಅಧ್ಯಾಯದಲ್ಲಿ ಯೊಪ್ಪದ ದೋರ್ಕ ಸತ್ತಾಗ, ವಿಧವೆಯರು ಪೇತ್ರನ ಮುಂದೆ ನಿಂತು ಆಕೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿ ಅಳುತ್ತಾರೆ. ಗುಣವಾಚಕಗಳಿಲ್ಲ, ಬಟ್ಟೆಯಿದೆ. ಹೆಂಗಸರ ಅಂತ್ಯಕ್ರಿಯೆಯಲ್ಲಿ ಓದುವ ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ಪತಿವ್ರತೆಯ ವರ್ಣನೆ ಎಂದಷ್ಟೇ ಕೇಳಿಸಿಕೊಳ್ಳುತ್ತೇವೆ. ಅಲ್ಲಿರುವ ಹೆಂಗಸು ಹೊಲ ನೋಡಿ ಕೊಳ್ಳುತ್ತಾಳೆ, ನಾರುಬಟ್ಟೆ ಮಾಡಿ ಮಾರುತ್ತಾಳೆ, ಬಡವರಿಗೆ ಕೈ ನೀಡುತ್ತಾಳೆ. ಅವಳ ಕೆಲಸಗಳೇ ಅವಳನ್ನು ಹೊಗಳಲಿ ಎಂಬುದು ಅದರ ತೀರ್ಮಾನ.

ಬೈಬಲ್ಲಿನ ಆಚೆಗೂ ಎರಡು ದೊಡ್ಡ ಉದಾಹರಣೆಗಳಿವೆ. ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ 9ನೆಯ ಭಾಗದಲ್ಲಿ, 387ರಲ್ಲಿ ತೀರಿಕೊಂಡ ತಾಯಿ ಮೋನಿಕಾಳನ್ನು ನೆನೆಯುತ್ತಾನೆ. ಆಕೆ ಹುಡುಗಿಯಾಗಿದ್ದಾಗ ಪೀಪಾಯಿಯಿಂದ ವೈನ್ ತರಲು ಹೋಗಿ ಗುಟುಕು ಗುಟುಕಾಗಿ ಕುಡಿಯುವ ಚಟ ಹತ್ತಿಸಿಕೊಂಡದ್ದು, ಮನೆಯ ದಾಸಿಯೊಬ್ಬಳು ಚುಚ್ಚಿ ಆಡಿದ ಮೇಲೆ ಬಿಟ್ಟದ್ದು, ಎಲ್ಲವನ್ನೂ ಬರೆಯುತ್ತಾನೆ. ಆ ಕಥೆಯನ್ನು ಮಗನಿಗೆ ಹೇಳಿದವಳು ಸ್ವತಃ ಮೋನಿಕಾ. ಅದರಿಂದ ಆಕೆಯ ಭಕ್ತಿ ಕುಂದಲಿಲ್ಲ, ನಂಬುವಂತಾಯಿತು. ಶರೀರವನ್ನು ಎಲ್ಲಾದರೂ ಹೂಳಿ, ಬಲಿಪೀಠದ ಮುಂದೆ ನನ್ನನ್ನು ನೆನೆಯಿರಿ ಎಂಬುದಷ್ಟೇ ಆಕೆಯ ಕೊನೆಯ ಕೋರಿಕೆಯಾಗಿತ್ತು. ನಮ್ಮ ಮೂವತ್ತನೆಯ ದಿನದ ಪೂಜೆಯ ಹಿಂದಿರುವ ಆಸೆಯೂ ಇದೇ.

ಇನ್ನೊಂದು, ಅಕ್ಕನ ನೆನಪು. 379ರಲ್ಲಿ ತೀರಿಕೊಂಡ ಮಕ್ರೀನಾಳ ಜೀವನವನ್ನು ತಮ್ಮ, ನಿಸ್ಸಾದ ಗ್ರೆಗರಿ ಬರೆದ. ಆಕೆಗೆ ಇಟ್ಟಿದ್ದು ಭಕ್ತೆಯೆಂದು ಹೆಸರಾದ ಅಜ್ಜಿಯ ಹೆಸರೇ. ಅಕ್ಕ ತನ್ನ ಕೈಯಾರೆ ತಾಯಿಗೆ ರೊಟ್ಟಿ ಮಾಡಿಕೊಡುತ್ತಿದ್ದುದನ್ನೂ ಆತ ಬಿಡದೆ ದಾಖಲಿಸುತ್ತಾನೆ. ಶರೀರಕ್ಕೆ ಬಟ್ಟೆ ತೊಡಿಸುವಾಗ ಜೊತೆಯ ಹೆಂಗಸು ಎದೆಯ ಮೇಲಿನ ಸಣ್ಣ ಕಲೆಯೊಂದನ್ನು ತೋರಿಸಿ, ಹಿಂದೊಮ್ಮೆ ಎದ್ದ ಗೆಡ್ಡೆ ಪ್ರಾರ್ಥನೆಯಿಂದ ವಾಸಿಯಾದ ಕಥೆ ಹೇಳುತ್ತಾಳೆ. ಒಡಹುಟ್ಟಿದ ತಮ್ಮನಿಗೇ ಗೊತ್ತಿಲ್ಲದ್ದು ಜೊತೆಯಲ್ಲಿ ಬಾಳಿದ ಹೆಂಗಸಿಗೆ ಗೊತ್ತಿತ್ತು. ಬಿಷಪ್ಪನಾಗಿದ್ದವನು ಆಕೆಯ ಮಾತು ಕೇಳಿದ, ಬರೆದಿಟ್ಟ. ಸ್ಮರಣೆಯ ಸಾಹಿತ್ಯಕ್ಕೆ ಬೇಕಾದ ಶೀಲ ಇದು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಲ್ಲವೇ ಎಂಬ ಆಕ್ಷೇಪ ಬರಬಹುದು. ಒಪ್ಪುತ್ತೇನೆ. ಮನೆಯ ಗುಟ್ಟನ್ನು ಚರ್ಚಿನಲ್ಲಿ ಬಿಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಆಕೆ ಬಚ್ಚಿಟ್ಟದ್ದನ್ನು ತೆರೆಯುವ ಹಕ್ಕು ಯಾರಿಗೂ ಇಲ್ಲ. ನಾನು ಕೇಳುತ್ತಿರುವುದು ನಿಜವಾದ ಒಳ್ಳೆಯದನ್ನು: ಆಕೆ ಮಾಡಿದ ಒಂದು ಕೆಲಸ, ತೆಗೆದುಕೊಂಡ ಒಂದು ನಿರ್ಧಾರ, ತಡೆದುಕೊಂಡ ಒಂದು ಕಷ್ಟ. ಬೌರಿಂಗ್ ಆಸ್ಪತ್ರೆಯ ವಾರ್ಡಿನಲ್ಲಿ ಯಾರದೋ ಹಾಸಿಗೆಯ ಪಕ್ಕ ರಾತ್ರಿ ಕಳೆದದ್ದಿರಬಹುದು, ಹೊಲಿಗೆಯಂತ್ರದ ದುಡಿಮೆಯಲ್ಲಿ ತಂಗಿಯ ಶಾಲೆಯ ಫೀಸು ಕಟ್ಟಿದ್ದಿರಬಹುದು. ಅಂಥ ಒಂದೇ ಸಂಗತಿ ಹತ್ತು ವಿಶೇಷಣಗಳಿಗಿಂತ ಹೆಚ್ಚು ಹೇಳುತ್ತದೆ. ನಂಬಿಕೆ ಎಂದರೇನೆಂದು ಮೊಮ್ಮಕ್ಕಳು ಕಲಿಯುವುದೂ ಅದರಿಂದಲೇ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಅವನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ ನೆಲೆಸಿತ್ತೆಂದು ಹೆಸರು ಹಿಡಿದು ಹೇಳಿರುವುದು ಸುಮ್ಮನಲ್ಲ.

ಹಾಗಾಗಿ ಓದುಗರಲ್ಲಿ ನನ್ನ ವಿನಂತಿ. ಪ್ರಾರ್ಥನೆಯ ಕ್ರಮಗಳನ್ನು ಇದ್ದಂತೆಯೇ ಕಾಪಾಡಿಕೊಳ್ಳಿ. ಮಾತಿನ ಕ್ರಮವನ್ನು ಬದಲಿಸಿ. ಮೂವತ್ತನೆಯ ದಿನ ಊಟಕ್ಕೆ ಸೇರಿದಾಗ ಮೊದಲ ಮಾತನ್ನು ಆಕೆಯ ಅಕ್ಕತಂಗಿಯರಿಗೆ ಬಿಡಿ, ಅವರಿಗೆ ಬರುವ ಭಾಷೆಯಲ್ಲಿ. ಅವರು ಅತ್ತರೆ ಕಾಯಿರಿ. ಹೇಳಿದ್ದನ್ನು ಒಬ್ಬರು ಬರೆದುಕೊಳ್ಳಿ, ಇಸವಿ ಮತ್ತು ಬೀದಿಯ ಹೆಸರಿನ ಸಮೇತ. ಅಜ್ಜಿ ಇನ್ನೂ ಇದ್ದರೆ ಈ ಭಾನುವಾರದ ಪೂಜೆ ಮುಗಿಸಿಕೊಂಡು ಹೋಗಿ ನೀವೇ ಕೇಳಿ: ಮದುವೆಗೆ ಮೊದಲು ನೀವು ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಯಾರೊಂದಿಗೆ ಚರ್ಚಿಗೆ ಹೋಗುತ್ತಿದ್ದಿರಿ?