ಪನ್ನೀರ್ ರೋಜಾದ ಮರ್ಯಾದೆ

ಚೆನ್ನೈಯಲ್ಲಿ ಗುಲಾಬಿಗೆ ಎರಡು ಲೆಕ್ಕ. ಹೊಸೂರಿನ ಪಾಲಿಹೌಸ್‌ಗಳಿಂದ ಬರುವ ಉದ್ದ ತೊಟ್ಟಿನ ಹೂವು ಕಟ್ಟಿನ ಲೆಕ್ಕದಲ್ಲಿ ಸಿಗುತ್ತದೆ, ಪನ್ನೀರ್ ರೋಜಾ ಕಿಲೋ ಲೆಕ್ಕದಲ್ಲಿ. ಬಣ್ಣ ಎರಡಕ್ಕೂ ತಿಳಿಗುಲಾಬಿಯೇ ಇರಬಹುದು. ಆದರೆ ನನ್ನನ್ನು ಕೇಳಿದರೆ, ಈ ಊರಿನಲ್ಲಿ ಮೂಗಿಗೆ ಹಿಡಿಯಬೇಕಾದದ್ದು ಎರಡನೆಯದನ್ನೇ.

ನೋಡಲು ಅದೇನೂ ಮಹಾ ಚೆಲುವೆಯಲ್ಲ. ಅಂಗೈಯಲ್ಲಿಟ್ಟರೆ ಚಪ್ಪಟೆಯಾಗಿ ಕೂರುತ್ತದೆ. ಒತ್ತೊತ್ತಾಗಿ ಮಡಿಸಿಕೊಂಡ ತೆಳ್ಳನೆಯ ಎಸಳುಗಳು ತುಸು ಅಲ್ಲಾಡಿಸಿದರೂ ಉದುರತೊಡಗುತ್ತವೆ. ಹೂದಾನಿಗೆ ಇದು ಒಗ್ಗುವುದಿಲ್ಲ. ಆದರೆ ಕೊಯಂಬೇಡು ಮಾರುಕಟ್ಟೆಯಲ್ಲಿ ಬೆಳಗಿನ ಜಾವ ಮೂಟೆ ಬಿಚ್ಚಿದರೆ ನಾಲ್ಕು ಅಂಗಡಿಯಾಚೆಗೂ ಸುದ್ದಿ ಮುಟ್ಟುತ್ತದೆ. ಕೊಳ್ಳುವುದಾದರೆ ಆಗಲೇ ಕೊಳ್ಳಬೇಕು. ಬಿಸಿಲೇರಿದ ಮೇಲೆ ಘಮ ಹಾರಿಹೋಗಿ ಬರೀ ಬಣ್ಣ ಉಳಿದಿರುತ್ತದೆ.

ಇದನ್ನು ಡಮಾಸ್ಕ್ ಗುಲಾಬಿ ಎನ್ನುವವರಿದ್ದಾರೆ. ಅದು ಅರ್ಧ ನಿಜ. ಅಪ್ಪಟ ಡಮಾಸ್ಕ್‌ಗೆ ಚಳಿಗಾಲ ಬೇಕು. ರಾಜಸ್ಥಾನದ ಹಲ್ದಿಘಾಟಿಯ ಚೈತಿ ಗುಲಾಬ್ ಚೈತ್ರದ ಆಸುಪಾಸಿನಲ್ಲಿ ಅರಳಿ ಮುಗಿಸುತ್ತದೆ. ಚೆನ್ನೈಯ ಮಾಲೆ ಕಟ್ಟುವವರಿಗೋ ವರ್ಷವಿಡೀ ಹೂವು ಬೇಕು, ಊರಿಗೆ ಚಳಿಯೇ ಇಲ್ಲ. ತಮಿಳುನಾಡಿನ ತೋಟಗಾರಿಕೆಯವರು ಎಡ್ವರ್ಡ್ ರೋಸ್ ಎನ್ನುವ ಈ ಹೂವಿನದು ಬೂರ್ಬೋನ್ ಮನೆತನ. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಅಂದರೆ ಇಂದಿನ ರಿಯೂನಿಯನ್‌ನಲ್ಲಿ, ರೈತರು ಬೇಲಿಗೆ ಎರಡು ಬಗೆಯ ಗುಲಾಬಿ ನೆಡುತ್ತಿದ್ದರು: ವರ್ಷಕ್ಕೆ ಎರಡು ಬಾರಿ ಅರಳುವ ಒಂದು ಡಮಾಸ್ಕ್, ಮತ್ತು ಚೀನಾ ಮೂಲದ ಓಲ್ಡ್ ಬ್ಲಶ್. ಆ ಬೇಲಿಸಾಲಿನಲ್ಲಿ ಯಾರೂ ಕೂಡಿಸದೆ ತಾವಾಗಿಯೇ ಕೂಡಿ ಹುಟ್ಟಿಸಿದ ಸಸಿಗೆ ರೋಸ್ ಎಡುವಾರ್ ಎಂದು ಹೆಸರಾಯಿತು. ಘಮ ಡಮಾಸ್ಕ್‌ನಿಂದ ಬಂತು, ಬಿಡುವಿಲ್ಲದೆ ಹೂ ಬಿಡುವ ಗುಣ ಚೀನಾ ಗುಲಾಬಿಯಿಂದ. ಸುಮಾರು 1819ರಲ್ಲಿ ಅದರ ಬೀಜ ಪ್ಯಾರಿಸ್ ತಲುಪಿ, ಯುರೋಪಿನ ತೋಟಗಳಲ್ಲಿ ಬೂರ್ಬೋನ್ ಗುಲಾಬಿಗಳ ವಂಶವೇ ಬೆಳೆಯಿತು.

ಸರಿಸುಮಾರು ಅದೇ ಹೊತ್ತಿಗೆ, ಅದೇ ಪ್ಯಾರಿಸ್‌ನಲ್ಲಿ, ಷಾರ್ಲೊಟ್ ದ ಲಾತೂರ್ ಎಂಬ ಹೆಸರಿನಲ್ಲಿ ಹೂವುಗಳ ಭಾಷೆಯ ಬಗ್ಗೆ ಒಂದು ಪುಸ್ತಕ ಹೊರಬಂತು. ಯಾವ ಹೂವು ಕೊಟ್ಟರೆ ಏನು ಹೇಳಿದಂತೆ ಎಂಬ ಆ ಗೀಳು ವಿಕ್ಟೋರಿಯಾ ಕಾಲದ ಇಂಗ್ಲೆಂಡಿಗೂ ಹಬ್ಬಿತು. ಕೆಂಪಾದರೆ ಪ್ರೇಮ, ತಿಳಿಗುಲಾಬಿಯಾದರೆ ಕೃತಜ್ಞತೆ ಎಂದು ಇಂದಿನ ಬೊಕೆ ಅಂಗಡಿಗಳು ಹೇಳುವ ಅರ್ಥಗಳು ಆ ಗೀಳಿನ ಮರಿಮಕ್ಕಳೇ.

ಪನ್ನೀರ್ ರೋಜಾ ಮಾತ್ರ ಆ ಪಟ್ಟಿಗೆ ಸಿಕ್ಕುವುದಿಲ್ಲ. ಟಿ. ನಗರದ ಕಲ್ಯಾಣ ಮಂಟಪದಲ್ಲಿ ಅದು ವಧೂವರರ ಹಾರದಲ್ಲಿರುತ್ತದೆ. ಬಾಗಿಲಲ್ಲಿ ಕಲ್ಲುಸಕ್ಕರೆ, ಅರಿಶಿನ ಕುಂಕುಮದ ಪಕ್ಕದ ಪನ್ನೀರುದಾನಿಯಿಂದ ಬೀಗರ ಮೇಲೆ ಚಿಮ್ಮುವುದೂ ಗುಲಾಬಿಯದೇ ಘಮ. ಆ ಘಮದ ಮುಖ್ಯ ಅಂಶವಾದ ಫಿನೈಲ್ ಎಥೆನಾಲ್ ನೀರಿನಲ್ಲಿ ಕರಗುವುದರಿಂದಲೇ ಪನ್ನೀರು ಸಾಧ್ಯವಾದದ್ದು. ದರ್ಗಾಗಳಲ್ಲಿ ಎಸಳುಗಳು ಚಾದರದ ಮೇಲೆ ಬೀಳುತ್ತವೆ. ತಮಟೆಯೊಡನೆ ಸಾಗುವ ಶವಯಾತ್ರೆಯಲ್ಲಿ ಹಾರಗಳನ್ನು ಕಿತ್ತು ದಾರಿಯುದ್ದಕ್ಕೂ ಚೆಲ್ಲುತ್ತಾರೆ. ಮದುವೆಗೂ ಸಾವಿಗೂ ಒಂದೇ ಹೂವು ಸಲ್ಲುವುದಾದರೆ ಅದರ ಅರ್ಥ ಪ್ರೇಮವೂ ಅಲ್ಲ, ಶೋಕವೂ ಅಲ್ಲ. ಅದು ಮರ್ಯಾದೆ. ಬಂದವರನ್ನು ಬರಮಾಡಿಕೊಳ್ಳುವುದಕ್ಕೂ ಹೋಗುವವರನ್ನು ಬೀಳ್ಕೊಡುವುದಕ್ಕೂ ನಾಲ್ಕು ಜನರೆದುರು ಸಲ್ಲಿಸುವ ಮರ್ಯಾದೆ. ಇಬ್ಬರ ನಡುವಿನ ಗುಟ್ಟಿನ ಚೀಟಿಯಾಗಲು ಅದಕ್ಕೆ ಪುರುಸೊತ್ತಿಲ್ಲ. ಗುಟ್ಟು ಹೇಳಲು ಒಂದು ಹೂವು ಸಾಕು, ಮರ್ಯಾದೆಗೆ ಮೊರದ ತುಂಬ ಬೇಕು. ಕಿಲೋ ಲೆಕ್ಕ ಹುಟ್ಟಿದ್ದು ಅದಕ್ಕೇ.

ಹೊಸೂರಿನ ಹೂವನ್ನು ಹಳಿಯುತ್ತಿಲ್ಲ. ಲಾರಿ, ವಿಮಾನ ಹತ್ತಿ ಹೋಗಿ ವಾರ ಬಾಳಬೇಕಾದ ತಳಿ ಅದು. ಆ ಬಾಳಿಕೆಗಾಗಿ ತಳಿಗಾರರು ಘಮವನ್ನು ಬಿಟ್ಟುಕೊಟ್ಟರು. ಆದರೆ ಗುಲ್ಕನ್ ಆಸೆ ಇರುವವರಿಗೆ ಪನ್ನೀರ್ ರೋಜಾವೇ ಗತಿ. ಅದಕ್ಕೂ ಮಾರುಕಟ್ಟೆಯ ಹೂವು ಬೇಡ, ಔಷಧಿ ಹೊಡೆದಿರುತ್ತಾರೆ. ತಮಿಳರ ಐಪ್ಪಸಿ ತಿಂಗಳ ಮಳೆ ಹಿಡಿದಾಗ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ, ನೀರು ನಿಲ್ಲದ ಕುಂಡದಲ್ಲಿ ಊರಿ. ಹೂ ಬಿಟ್ಟ ಮೇಲೆ ಎಸಳಿಗೊಂದು ಪದರ, ಸಕ್ಕರೆಗೊಂದು ಪದರ ಹಾಕಿ ಗಾಜಿನ ಜಾಡಿ ತುಂಬಿಸಿ ಮಹಡಿಯ ಮೇಲಿಡಿ. ಮಿಕ್ಕ ಕೆಲಸವನ್ನು ಚೆನ್ನೈಯ ಬಿಸಿಲು ನೋಡಿಕೊಳ್ಳುತ್ತದೆ. ಅದರ ವಿಷಯದಲ್ಲಿ ಈ ಊರಿಗೆ ಬಡತನವಿಲ್ಲ.